ಗೂಡಿಗೆ ಗಾಳಿ ಬರಲಿ, ಮುಂಗುಸಿ ಬಾರದಿರಲಿ

ಬೇಸಿಗೆಯಲ್ಲಿ ಕಚ್ಚಿಸಿಕೊಂಡ ಕೋಳಿಯನ್ನು ಯಾರಾದರೂ ಚಿಕಿತ್ಸೆಗೆ ತಂದರೆ, ರಾತ್ರಿ ಗೂಡಿನ ಬಾಗಿಲು ಹಾಕಿತ್ತೇ ಎಂದು ಮೊದಲು ಕೇಳುತ್ತೇನೆ. "ಸೆಕೆಗೆ ಪಾಪ ಎಂದು ತೆರೆದಿಟ್ಟಿದ್ದೆವು ಡಾಕ್ಟರೇ" ಎನ್ನುವವರೇ ಹೆಚ್ಚು. ಅವರ ಆತಂಕ ನಿಜವಾದದ್ದೇ. ಕೋಳಿ ಬೆವರುವುದಿಲ್ಲ, ಕೊಕ್ಕು ತೆರೆದು ಏದುಸಿರು ಬಿಟ್ಟು ಮೈಯ ಕಾವು ಇಳಿಸಿಕೊಳ್ಳುತ್ತದೆ. ಗಾಳಿಯಾಡದ ಗೂಡಿನಲ್ಲಿ ಸೆಕೆಯೇ ಅದನ್ನು ಕೊಲ್ಲಬಲ್ಲದು. ಆದರೆ ಕತ್ತಲಾದರೆ ಅದಕ್ಕೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಕೂತ ಕಡೆಯೇ ಸಿಕ್ಕಿಬೀಳುತ್ತದೆ.

ಹಾಗಾಗಿ ಬಾಗಿಲು ಭದ್ರಪಡಿಸಿ, ಗೋಡೆ ತೆರೆಯಿರಿ. ಎದುರುಬದುರು ಗೋಡೆಗಳ ಮೇಲ್ಭಾಗದ ಹಲಗೆ ಬಿಚ್ಚಿ ಜಾಲರಿ ಹಾಕಿದರೆ ಬಿಸಿಗಾಳಿ ಹೊರಗೆ ಹೋಗುತ್ತದೆ. ಆರು ಮೂಲೆಯ ಕಣ್ಣುಗಳ ತೆಳು ಜಾಲರಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಶತ್ರುವನ್ನು ಹೊರಗಿಡುವುದಿಲ್ಲ. ನಾಯಿ ಅದನ್ನು ಹರಿದುಹಾಕುತ್ತದೆ, ಹಾವು, ಇಲಿಗಳು ನುಸುಳುತ್ತವೆ. ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ಜಾಲರಿಯನ್ನೇ ತನ್ನಿ, ವಾಷರ್ ಇಟ್ಟು ಸ್ಕ್ರೂ ಬಿಗಿಯಿರಿ. ಗೂಡಿನ ಬುಡದ ಸುತ್ತ ಅದೇ ಜಾಲರಿಯನ್ನು ಒಂದಡಿಯಷ್ಟು ಹೊರಕ್ಕೆ ಹಾಸಿ ಮಣ್ಣು ಮುಚ್ಚಿದರೆ ತೋಡಿ ಒಳನುಗ್ಗುವುದು ಕಷ್ಟ. ದುಡ್ಡು ಕಡಿಮೆಯಿದ್ದರೆ ಗೂಡು ಚಿಕ್ಕದು ಮಾಡಿ, ಜಾಲರಿಯಲ್ಲಿ ಉಳಿಸಬೇಡಿ.

ಹಗಲೆಂದು ಮೈಮರೆಯುವಂತಿಲ್ಲ. ಮುಂಗುಸಿ ಬೇಟೆಯಾಡುವುದೇ ಹಗಲಿನಲ್ಲಿ. ಅಂಗಳದ ಮೇಲೆ ಕಟ್ಟಿದ ನೆರಳು ಪರದೆ ಬಿಸಿಲನ್ನೂ ತಗ್ಗಿಸುತ್ತದೆ, ಗಿಡುಗನನ್ನೂ ತಡೆಯುತ್ತದೆ. ಸಂಜೆ ಉಳಿದ ಕಾಳು ಗುಡಿಸಿ ತೆಗೆಯಿರಿ: ಕಾಳಿಗೆ ಇಲಿ, ಇಲಿಗೆ ಹಾವು. ನೀರಿನ ಪಾತ್ರೆಯೂ ಗೂಡಿನೊಳಗೇ ಇರಲಿ. ಬರಗಾಲದಲ್ಲಿ ಅಂಗಳದ ನೀರು ಎಲ್ಲ ಪ್ರಾಣಿಗಳನ್ನೂ ಕರೆಯುತ್ತದೆ.

ಹಾನಿಯಾದ ಮೇಲೆ ಕುರುಹು ನೋಡಿ. ಒಂದೇ ಕಡೆ ಕಿತ್ತ ಪುಕ್ಕದ ರಾಶಿಯಿದ್ದರೆ ಹೆಚ್ಚಾಗಿ ಬೇಟೆಹಕ್ಕಿಯ ಕೆಲಸ. ಹಲವು ಕೋಳಿಗಳು ಸತ್ತು, ತಿನ್ನದೆ ಬಿದ್ದಿದ್ದರೆ ನಾಯಿಯನ್ನು ಶಂಕಿಸಿ. ಸಿಪ್ಪೆಯೂ ಉಳಿಯದಂತೆ ಮೊಟ್ಟೆ ಮಾಯವಾದರೆ ಹಾವು ಬಂದಿರಬಹುದು.

ಬದುಕುಳಿದ ಕೋಳಿ ಓಡಾಡುತ್ತಿದೆ ಎಂದು ಸುಮ್ಮನಿರಬೇಡಿ. ಹಲ್ಲಿನ ಗಾಯ ಪುಕ್ಕದಡಿ ಅಡಗಿರುತ್ತದೆ. ಪುಕ್ಕ ಬಿಡಿಸಿ ಚರ್ಮವನ್ನೆಲ್ಲ ನೋಡಿ, ಉಪ್ಪುನೀರಿನ ಸಲೈನ್‌ನಿಂದ ತೊಳೆಯಿರಿ. ರಕ್ತ ಕಂಡರೆ ಜೊತೆಯ ಕೋಳಿಗಳೇ ಕುಕ್ಕುತ್ತವೆ, ಆದ್ದರಿಂದ ಬೇರೆಯಾಗಿ ತಂಪಾದ ಕಡೆ ಇರಿಸಿ. ಬೇಸಿಗೆಯಲ್ಲಿ ನೊಣ ಗಾಯದ ಮೇಲೆ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳುವಾಗಬಹುದು. ಪಶುವೈದ್ಯರ ಬಳಿಗೆ ಅಂದೇ ಕರೆತನ್ನಿ.