ಸ್ಕಿಜೋಫ್ರೇನಿಯಾನಾ, ಡಿಪ್ರೆಶನ್ನಾ?

ಇಪ್ಪತ್ತರ ಆಸುಪಾಸಿನ ಹುಡುಗ ಕಾಲೇಜು ಬಿಟ್ಟಿದಾನೆ, ಸ್ನಾನ ಮಾಡಲ್ಲ, ಮಾತಾಡ್ಸಿದ್ರೆ ಹೂಂ ಕೂಡ ಅನ್ನಲ್ಲ, ಬಾಗ್ಲು ಹಾಕ್ಕೊಂಡು ಕೂತಿರ್ತಾನೆ. ಮನೇಲಿ ಒಬ್ರು ಡಿಪ್ರೆಶನ್ ಅಂತಾರೆ, ಇನ್ನೊಬ್ರು ಗಾಳಿ ಸೋಕಿದೆ, ತಾಯತ ಕಟ್ಸಿ ಅಂತಾರೆ. ಹೊರಗಿಂದ ನೋಡಿದ್ರೆ ಸ್ಕಿಜೋಫ್ರೇನಿಯಾ, ಡಿಪ್ರೆಶನ್ ಎರಡೂ ಹೀಗೇ ಕಾಣ್ಬಹುದು.

ಡಿಪ್ರೆಶನ್‌ನಲ್ಲಿ ಮುಖ್ಯವಾಗಿ ಕೆಡೋದು ಮೂಡು. ಕನಿಷ್ಠ 2 ವಾರ, ದಿನದ ಬಹುಪಾಲು ಬೇಜಾರು ಇಲ್ಲಾ ಯಾವುದ್ರಲ್ಲೂ ಆಸಕ್ತಿ ಇಲ್ದಿರೋದು, ಜೊತೆಗೆ ನಿದ್ದೆ ಬರಲ್ಲ, ಊಟ ಸೇರಲ್ಲ, ನಾನು ಯಾತಕ್ಕೂ ಬಾರದೋನು ಅನ್ಸೋದು. ನಮ್ಮಲ್ಲಿ ಎಷ್ಟೋ ಜನ ಬೇಜಾರು ಅಂತ ಹೇಳೋದೇ ಇಲ್ಲ, ಸುಸ್ತು, ತಲೆನೋವು, ಗ್ಯಾಸ್ಟ್ರಿಕ್ ಅಂತ ಡಾಕ್ಟರ್ ಹತ್ರ ಹೋಗ್ತಾರೆ.

ಸ್ಕಿಜೋಫ್ರೇನಿಯಾದಲ್ಲಿ ಏರುಪೇರಾಗೋದು ಯೋಚನೆ ಮತ್ತೆ ಗ್ರಹಿಕೆ. ಯಾರೂ ಇಲ್ದೇನೇ ದನಿ ಕೇಳ್ಸುತ್ತೆ, "ನೋಡು ಈಗ ಎದ್ದ" ಅಂತ ಇಬ್ರು ತನ್ನ ಬಗ್ಗೆನೇ ಮಾತಾಡ್ಕೊಂಡ ಹಾಗೆ. ಊಟಕ್ಕೆ ಏನೋ ಬೆರೆಸಿದಾರೆ, ನನ್ನ ಮನಸಲ್ಲಿರೋದು ಎಲ್ರಿಗೂ ಗೊತ್ತಾಗ್ತಿದೆ ಅನ್ನೋ ನಂಬಿಕೆ ಎಷ್ಟು ಗಟ್ಟಿ ಅಂದ್ರೆ ವಾದ ಮಾಡಿ ಬದಲಾಯಿಸಕ್ಕಾಗಲ್ಲ. ದಯವಿಟ್ಟು ವಾದ ಮಾಡ್ಬೇಡಿ, ಅವರಿಗೆ ಆ ಭಯ ನಿಜಾನೇ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಪ್ರಪಂಚದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಇದಿದೆ, ಡಿಪ್ರೆಶನ್ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಗೊಂದಲ ಶುರುವಾಗೋದು ಎರಡು ಕಡೆ. ಒಂದು, ಸ್ಕಿಜೋಫ್ರೇನಿಯಾದಲ್ಲಿ ದನಿ, ಅನುಮಾನ ಇಲ್ದೇನೂ ಉತ್ಸಾಹ ಬತ್ತಿ ಹೋಗುತ್ತೆ, ಮುಖದಲ್ಲಿ ಭಾವನೆನೇ ಕಾಣಲ್ಲ, ಮಾತು ಕಮ್ಮಿ ಆಗುತ್ತೆ, ಜನ ಇದನ್ನ ಸೋಮಾರಿತನ ಅಂದ್ಕೊಂಡು ಬೈತಾರೆ, ಅದು ಕಾಯಿಲೆಯ ಲಕ್ಷಣ. ಡಿಪ್ರೆಶನ್ ಇರೋರನ್ನ ಕೇಳಿದ್ರೆ ಸಾಮಾನ್ಯವಾಗಿ ಸಂಕಟ ಇದೆ ಅಂತಾರೆ, ಸ್ಕಿಜೋಫ್ರೇನಿಯಾ ಇರೋರಲ್ಲಿ ಅನೇಕರು ದುಃಖ ಏನಿಲ್ಲ, ಏನೂ ಅನ್ಸಲ್ಲ ಅಂತಾರೆ. ಇನ್ನೊಂದು, ಡಿಪ್ರೆಶನ್ ತುಂಬಾ ತೀವ್ರವಾದ್ರೆ ಅದ್ರಲ್ಲೂ ದನಿ ಕೇಳ್ಸಬಹುದು, ಆದ್ರೆ ಅದು ಹೆಚ್ಚಾಗಿ ಮೂಡಿಗೆ ಹೊಂದೋ ಮಾತೇ ಆಡುತ್ತೆ, ನೀನು ಪಾಪಿ, ನೀನು ಸಾಯ್ಬೇಕು ಅಂತ. ಸಾಯೋ ಮಾತು ಎರಡ್ರಲ್ಲಿ ಯಾವುದ್ರಲ್ಲಿ ಬಂದ್ರೂ ಅವರನ್ನ ಒಬ್ರನ್ನೇ ಬಿಡ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲೂ ರಾತ್ರಿ ಫೋನ್ ಮಾಡ್ಬಹುದು.

ಚಿಕಿತ್ಸೆನೂ ಬೇರೆ. ಸ್ಕಿಜೋಫ್ರೇನಿಯಾದ ಮಾತ್ರೆಗಳು ಬಹುತೇಕ ಮೆದುಳಿನ ಡೋಪಮಿನ್ ಅನ್ನೋ ರಾಸಾಯನಿಕದ ಕೆಲಸವನ್ನ ತಡೀತವೆ. ಡಿಪ್ರೆಶನ್‌ಗೆ ಬೇರೆ ಮಾತ್ರೆ, ಹಗುರವಾಗಿದ್ರೆ ಬರೀ ಕೌನ್ಸೆಲಿಂಗ್ ಸಾಕಾಗ್ಬಹುದು, ದನಿನೂ ಕೇಳ್ತಿದ್ರೆ ಸಾಮಾನ್ಯವಾಗಿ ಎರಡೂ ಥರದ ಮಾತ್ರೆ ಒಟ್ಟಿಗೆ ಕೊಡ್ತಾರೆ. ಅದಕ್ಕೇ ಸೈಕಿಯಾಟ್ರಿಸ್ಟ್ ಮನೆಯವ್ರನ್ನ ಕೂರಿಸ್ಕೊಂಡು, ಮೊದ್ಲು ಶುರುವಾಗಿದ್ದು ಬೇಜಾರಾ ದನಿನಾ, ಮೂಡು ಸರಿ ಇದ್ದಾಗ್ಲೂ ದನಿ ಕೇಳ್ಸುತ್ತಾ ಅಂತ ತಿರುತಿರುಗಿ ಕೇಳೋದು.