ಹಳಿಯಿಲ್ಲದ ರೈಲಿಗೆ ಬೋಗಿಯದೇ ಚಿಂತೆ

ವೈಜ್ಞಾನಿಕ ಕಥೆಗಳಲ್ಲಿ ಮಂಗಳನ ಮರಳಿನ ಮೇಲೆ ಸರಕಿನ ರೈಲು ಸಾಗುವಾಗ ವರ್ಣನೆಯೆಲ್ಲ ಎಂಜಿನ್ನಿಗೇ ಮೀಸಲು. ಹಿಂದಿನ ಬೋಗಿಗಳು ಬರೀ ಪೆಟ್ಟಿಗೆಗಳು. ಹಳಿಯಿಲ್ಲದ ರೈಲನ್ನು ನಿಜಕ್ಕೂ ಕಟ್ಟಹೊರಟರೆ ತಲೆನೋವು ಶುರುವಾಗುವುದೇ ಆ ಪೆಟ್ಟಿಗೆಗಳಿಂದ.

ತಲಾ 25 ಟನ್ನಿನ 10 ಬೋಗಿ ಎಂದುಕೊಳ್ಳಿ, ಒಟ್ಟು 250 ಟನ್. ಸಡಿಲ ಮರಳಲ್ಲಿ ತೂಕದ ಐದನೇ ಒಂದು ಪಾಲು ಎಳೆತ ಬೇಕೆಂದರೂ 50 ಟನ್ ಆಯಿತು. ಅಷ್ಟು ಎಳೆಯುವ ಹಿಡಿತಕ್ಕೆ ಎಂಜಿನ್ 100 ಟನ್ನಿಗೂ ಮಿಕ್ಕಿ ತೂಗಬೇಕು. ತೂಗಿದರೆ ಮೊದಲು ಹೂತುಹೋಗುವುದು ಅದೇ. ಹಾಗಾಗಿ ಪ್ರತಿ ಬೋಗಿಯೂ ತನ್ನ ಭಾರ ತಾನೇ ನೂಕಿಕೊಳ್ಳಬೇಕು.

ಫ್ರಾನ್ಸಿನ ಎಂಜಿನಿಯರ್ ಶಾರ್ಲ್ ರೆನಾರ್ 1903ರ ಹೊತ್ತಿಗೇ ಇದನ್ನು ಮಾಡಿದ್ದ. ಮುಂದಿನ ಎಂಜಿನ್ನಿನ ಶಕ್ತಿ ಶಾಫ್ಟ್ ಎಂಬ ಉದ್ದನೆಯ ತಿರುಗುವ ದಂಡದ ಮೂಲಕ ಒಂದೊಂದೇ ಬೋಗಿ ದಾಟಿ ಹೋಗುತ್ತಿತ್ತು. ಹಳ್ಳದಿಣ್ಣೆಯ ನೆಲದಲ್ಲಿ ಶಾಫ್ಟಿನ ಕೀಲುಗಳು ಎಷ್ಟೆಂದು ಬಾಗಿಯಾವು? ಮೊದಲ ಮಹಾಯುದ್ಧದ ಕಾಲಕ್ಕೆ ವಾಹನ ವಿನ್ಯಾಸಕ ಫರ್ಡಿನೆಂಡ್ ಪೋರ್ಷೆ ಶಾಫ್ಟಿನ ಬದಲು ವಿದ್ಯುತ್ ತಂತಿ ಎಳೆದು ಬೋಗಿಯ ಚಕ್ರಗಳಿಗೇ ಮೋಟಾರ್ ಕೊಟ್ಟ. ಆ ದಾರಿಯನ್ನು ಕೊನೆಮುಟ್ಟಿಸಿದ್ದು ಅಮೆರಿಕದ ಲೆಟೂರ್ನೊ ಕಂಪನಿ. 1960ರ ದಶಕದ ಆರಂಭದಲ್ಲಿ ಸೇನೆಗಾಗಿ ಅದು ಕಟ್ಟಿದ ಟಿಸಿ-497 ಎಂಬ ಹಳಿಯಿಲ್ಲದ ರೈಲಿನ ಉದ್ದ ಸುಮಾರು 174 ಮೀಟರ್; 54 ಚಕ್ರ, ನಾಲ್ಕು ಗ್ಯಾಸ್ ಟರ್ಬೈನ್, 10 ಸರಕು ಬೋಗಿ. ಅರಿಜೋನಾದ ಯೂಮಾದಲ್ಲಿ ಪರೀಕ್ಷೆಯೂ ಆಯಿತು. ಅಷ್ಟರಲ್ಲಿ ಭಾರ ಎತ್ತುವ ಹೆಲಿಕಾಪ್ಟರ್‌ಗಳು ಬಂದವು. ಈಗ ಉಳಿದಿರುವುದು ಮುಂಗಾಡಿಯೊಂದೇ, ಅದೂ ಯೂಮಾದಲ್ಲೇ.

ತಂತಿಗೂ ತನ್ನದೇ ಮಿತಿಯಿದೆ. ಬೋಗಿಗೆ 80 ಕಿಲೋವ್ಯಾಟ್‌ನಂತೆ ಹತ್ತಕ್ಕೆ 800. ಅದನ್ನು 600 ವೋಲ್ಟಿನಲ್ಲಿ ಕಳಿಸಿದರೆ 1,300 ಆಂಪಿಯರ್ ದಾಟುತ್ತದೆ, ಕೇಬಲ್ ತೀರಾ ದಪ್ಪವಾಗಿ ಅದರ ಜೋಡಣೆಗಳು ಕಾಯುತ್ತವೆ. 3,000 ವೋಲ್ಟಿಗೆ ಏರಿಸಿದರೆ 270 ಆಂಪಿಯರ್ ಸಾಕು.

ತಿರುವಿನ ಕಥೆ ಬೇರೆ. ಹಿಂದಿನ ಕೊಂಡಿಯನ್ನು ಅಚ್ಚಿನ ಮೇಲೆಯೇ ಕೂರಿಸಿ, ಎಳೆದಂಡ, ಅಂದರೆ ಮುಂದಿನ ಕೊಂಡಿಯಿಂದ ಅಚ್ಚಿನವರೆಗಿನ ದೂರ, 4 ಮೀಟರ್ ಇಟ್ಟರೆ, ಎಂಜಿನ್ 20 ಮೀಟರ್ ತ್ರಿಜ್ಯದಲ್ಲಿ ಸುತ್ತುವಾಗ ಹತ್ತನೇ ಬೋಗಿ 15.5 ಮೀಟರಿಗೆ ಒಳಸರಿಯುತ್ತದೆ. ಎಂಜಿನ್ ತಪ್ಪಿಸಿದ ಬಂಡೆ ಬಾಲಕ್ಕೆ ಸಿಗುವುದು ಹೀಗೆ. ಅಚ್ಚಿನಿಂದ ಹಿಂದಿನ ಕೊಂಡಿಯವರೆಗಿನ ದೂರವನ್ನೂ ಎಳೆದಂಡದಷ್ಟೇ ಇಟ್ಟರೆ ಎಲ್ಲವೂ ಒಂದೇ ವೃತ್ತ ಹಿಡಿಯುತ್ತವೆ. ತಿರುವಿಗೆ ಒಳಹೊಗುವಾಗ, ಹೊರಬರುವಾಗ ಮಾತ್ರ ಬಾಲ ಕೊಂಚ ಬೀಸುತ್ತದೆ.

ಸರಕು ಕೂರಿಸುವ ಜಾಗದಲ್ಲೂ ಒಂದು ಎಡವಟ್ಟು. 20 ಅಡಿ ಕಂಟೇನರಿನ ನಾಲ್ಕು ಮೂಲೆಗೂ ತಿರುಗಿಸಿ ಹಾಕುವ ಬೀಗ, ಅಂದರೆ ಟ್ವಿಸ್ಟ್‌ಲಾಕ್ ಬಿಗಿದರೆ ಡಾಂಬರಿನ ಮೇಲೆ ತೊಂದರೆಯಿಲ್ಲ. ಒಂದು ಚಕ್ರ ಕಲ್ಲೇರಿದರೆ ಚಾಸಿ ತಿರುಚಿಕೊಳ್ಳುತ್ತದೆ, ಉಕ್ಕಿನ ಪೆಟ್ಟಿಗೆ ತಿರುಚಿಕೊಳ್ಳಲೊಪ್ಪದು. ಲಾಕ್ ಮುರಿಯುತ್ತದೆ, ಇಲ್ಲವೇ ಬೆಸುಗೆ ಬಿಡುತ್ತದೆ. ಹಿಂದೆ ಎರಡು ಆಧಾರ, ಮುಂದೆ ನಡುವಿನಲ್ಲಿ ತೂಗುವ ಒಂದೇ ಆಧಾರ ಕೊಟ್ಟ ಉಪಚೌಕಟ್ಟಿನ ಮೇಲೆ ಪೆಟ್ಟಿಗೆ ಇಡಬೇಕು.

ಇನ್ನು ಮಂಗಳ. ಅಲ್ಲಿ ತೂಕ ಭೂಮಿಯ ಶೇ. 38, ಚಕ್ರದ ಹಿಡಿತವೂ ಅಷ್ಟಕ್ಕೇ ಇಳಿಯುತ್ತದೆ, ದ್ರವ್ಯರಾಶಿ ಇಳಿಯುವುದಿಲ್ಲ. ನಿಲ್ಲಲು ಎರಡೂವರೆ ಪಟ್ಟಿಗೂ ಹೆಚ್ಚು ದೂರ ಬೇಕು. ಎಂಜಿನ್ ಮೊದಲು ಬ್ರೇಕ್ ಹಾಕಿದರೆ ಬಾಲ ನೂಕಿ ಸಾಲು ಮಡಚಿಕೊಳ್ಳುತ್ತದೆ. ಬ್ರೇಕ್ ಕೊನೆಯ ಬೋಗಿಯಿಂದಲೇ ಹಿಡಿಯಬೇಕು.

ನಡುವಿನ ಬೋಗಿಯೊಂದು ಕೆಟ್ಟಿತೆನ್ನಿ. ಗೇರ್ ಬಿಡಿಸಿ ಚಕ್ರ ಸಡಿಲಿಸುವ ಸನ್ನೆಕೋಲು ಹೊರಗೇ ಇರಬೇಕು, ಕೇಬಲ್ ಆ ಬೋಗಿಯ ಮೋಟಾರುಗಳನ್ನು ಬಿಟ್ಟು ಮುಂದೆ ಹಾಯಬೇಕು, ಎರಡೂ ತುದಿಯ ಕೊಂಡಿ ಒಂದೇ ಅಳತೆಯದ್ದಾಗಿರಬೇಕು. ಆಗ ಅದನ್ನು ಪಕ್ಕಕ್ಕೆಳೆದು ಉಳಿದ ಒಂಬತ್ತನ್ನು ಜೋಡಿಸಿಕೊಂಡು ಹೊರಡಬಹುದು.