ಫೋನ್ ಸ್ಪೀಕರಿಗೆ ಸಿಗದ ಹಾಡು

ನನ್ನ ಶನಿವಾರದ ಸೌಂಡ್ ಮಿಕ್ಸಿಂಗ್ ಕ್ಲಾಸಿಗೆ ಬರುವ ಹುಡುಗನೊಬ್ಬ ಹೋದ ತಿಂಗಳು ಒಂದು ಹಾಡು ಮಾಡಿಕೊಂಡು ಬಂದಿದ್ದ. ವಯಸ್ಸು ಹತ್ತೊಂಬತ್ತು. ಫೋನನ್ನು ಟೇಬಲ್ ಮೇಲಿಟ್ಟು, "ಕೇಳಿ ಸಾರ್, ರೆಗೇ ಟ್ರೈ ಮಾಡಿದೀನಿ" ಅಂದ. ಗಿಟಾರಿನ ಚಕ್, ಚಕ್ ಕೇಳಿಸಿತು. ಅವನ ದನಿ ಕೇಳಿಸಿತು. ಹಿಂದೆ ಸೊಳ್ಳೆ ಗುಂಯ್‌ಗುಟ್ಟುವ ಹಾಗೆ ಒಂದು ಕೀಬೋರ್ಡ್. ಅಷ್ಟೇ.

"ಬೇಸ್ ಎಲ್ಲಪ್ಪಾ?" ಅಂದೆ.

"ಇದೆ ಸಾರ್. ಫೋನಲ್ಲಿ ಕೇಳಿಸಲ್ಲ."

ಈಗಿನ ಹುಡುಗರು ಮುಂದೆಯೂ ಜಮೈಕಾ ದ್ವೀಪದ ಈ ರೆಗೇ ಸಂಗೀತ ಕೇಳುತ್ತಾರಾ ಅಂತ ಯಾರಾದರೂ ಕೇಳಿದರೆ ನಾನು ಇವನ ಮಾತನ್ನೇ ಹೇಳುತ್ತೇನೆ. ಇದೆ, ಫೋನಲ್ಲಿ ಕೇಳಿಸಲ್ಲ.

ಅವನ ತಪ್ಪೇನೂ ಇಲ್ಲ ಬಿಡಿ. ಬೇಸ್ ಗಿಟಾರಿನ ದಪ್ಪ ತಂತಿಯನ್ನು ಸುಮ್ನೆ ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ, ಅಂದರೆ 41 ಹರ್ಟ್ಸ್. ಫೋನಿನ ಸ್ಪೀಕರ್ ಉಗುರಿನಷ್ಟು ಅಗಲದ್ದು. 200 ಹರ್ಟ್ಸಿನಿಂದ ಕೆಳಗೆ ಅದು ಹೆಚ್ಚುಕಡಿಮೆ ಮೂಗ. ಅದಕ್ಕೆ ನಮ್ಮಂಥವರು ಒಂದು ಕಳ್ಳದಾರಿ ಹಿಡಿಯುತ್ತೇವೆ. ಬೇಸಿಗೆ ಚೂರು ಡಿಸ್ಟಾರ್ಶನ್ (ಸದ್ದನ್ನು ಬೇಕಂತಲೇ ಒರಟು ಮಾಡುವುದು) ಬೆರೆಸುತ್ತೇವೆ. ಆಗ ಅದರ ದುಪ್ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಸದ್ದುಗಳು ಮೇಲೆ ಏಳುತ್ತವೆ. ಮೇಲಿನವು ಕಿವಿಗೆ ಬಿದ್ದರೆ ಸಾಕು, ಕೆಳಗಿನದನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಸಿನಿಮಾ ಹಾಡಿಗೆ ಈ ಕಣ್ಕಟ್ಟು ನಡೆಯುತ್ತದೆ. ರೆಗೇಯಲ್ಲಿ ನಡೆಯುವುದಿಲ್ಲ. ಬೇರೆ ಕಡೆ ಬೇಸ್ ಅಂದರೆ ಹೊರೆ ಹೊರುವ ಕೂಲಿ, ಇಲ್ಲಿ ಅವನೇ ಯಜಮಾನ. ಜಮೈಕಾದ ಗಾಯಕ ಬಾಬ್ ಮಾರ್ಲಿಯ ತಂಡದಲ್ಲಿ ಬೇಸ್ ನುಡಿಸುತ್ತಿದ್ದ ಆಸ್ಟನ್ 'ಫ್ಯಾಮಿಲಿ ಮ್ಯಾನ್' ಬ್ಯಾರೆಟ್ ಕಟ್ಟಿದ ಬೇಸನ್ನು ನೀವು ಬಾಯಲ್ಲೇ ಹಾಡಿಕೊಳ್ಳಬಹುದು. ಹಾಡಿಗಿಂತ ಮೊದಲು ಅದೇ ನೆನಪಿನಲ್ಲಿ ಕೂರುತ್ತದೆ.

ಡ್ರಮ್ ನುಡಿಸುತ್ತಿದ್ದವನು ಅವನ ತಮ್ಮ ಕಾರ್ಲ್‌ಟನ್. ಅವನ ಕೈಯಲ್ಲಿ ಪಳಗಿದ ತಾಳಕ್ಕೆ 'ಒನ್ ಡ್ರಾಪ್' ಅಂತ ಹೆಸರು. ಒಂದು, ಎರಡು, ಮೂರು, ನಾಲ್ಕು ಅಂತ ನಿಧಾನಕ್ಕೆ ಎಣಿಸಿ. ರಾಕ್ ಆಗಲಿ, ನಮ್ಮ ಸಿನಿಮಾದ ಕುಣಿತದ ಹಾಡಾಗಲಿ, ಒಂದಕ್ಕೆ ದಪ್ ಅಂತ ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ಬಿದ್ದೇ ಬೀಳುತ್ತದೆ. ಒನ್ ಡ್ರಾಪ್‌ನಲ್ಲಿ ಒಂದು ಖಾಲಿ. ಎರಡಕ್ಕೂ ನಾಲ್ಕಕ್ಕೂ ಗಿಟಾರ್ ಚಕ್ ಅನ್ನುತ್ತದೆ. ಕಿಕ್ಕೂ, ಕೋಲಿನಿಂದ ಹೊಡೆಯುವ ಸ್ನೇರ್ ಡ್ರಮ್ಮೂ ಒಟ್ಟಿಗೆ ಬೀಳುವುದು ಮೂರಕ್ಕೆ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಬೇಗ ಹತ್ತುತ್ತದೆ. ತಾಳ ಶುರುವಾದ ಮೇಲೆ ಸಾಹಿತ್ಯ ಎತ್ತಿಕೊಳ್ಳುವ ಅನಾಗತ ಎಡುಪಿನಲ್ಲಿ ಹಾಡಿದವರಿಗೆ ಖಾಲಿ ಜಾಗದ ಮೇಲೆ ಕಾಲೂರುವ ಅಭ್ಯಾಸ ಇರುತ್ತದಲ್ವಾ, ಹಾಗೆ. ಆ ಖಾಲಿಯೊಳಗೆ ಬೇಸ್ ಬಂದು ಕೂತಾಗ ಮೈ ತಾನಾಗಿ ತೂಗುತ್ತದೆ. ಬೇಸೇ ಇಲ್ಲದಿದ್ದರೆ ಅಲ್ಲಿ ಬರೀ ಖಾಲಿ. ನಮ್ಮ ಹುಡುಗನ ಫೋನಿನಲ್ಲಿ ಆದದ್ದು ಅದೇ.

ಜಮೈಕಾದಲ್ಲಿ ಈ ಸಂಗೀತ ಬೆಳೆದಿದ್ದು ಬೀದಿಯಲ್ಲಿ, ಬೀರುವಿನಷ್ಟು ಎತ್ತರದ ಸ್ಪೀಕರ್ ಪೆಟ್ಟಿಗೆಗಳ ಮುಂದೆ. ಅದನ್ನು 'ಸೌಂಡ್ ಸಿಸ್ಟಮ್' ಅನ್ನುತ್ತಾರೆ. ಅಲ್ಲಿ ಆ ಮಾತಿಗೆ ಬರೀ ಉಪಕರಣ ಅಂತ ಅರ್ಥ ಇಲ್ಲ. ಪೆಟ್ಟಿಗೆ, ಆಂಪ್ಲಿಫೈಯರ್, ಹಾಡಿನ ತಟ್ಟೆ (ರೆಕಾರ್ಡ್) ಆರಿಸುವವನು, ಮೈಕಿನಲ್ಲಿ ಮಾತು ಹೊಸೆಯುವವನು, ಹಿಂದೆ ಬರುವ ಜನ, ಎಲ್ಲ ಸೇರಿ ಒಂದು ಬಳಗ. ರಾಯಲ್ ಏರ್‌ಫೋರ್ಸಿನಲ್ಲಿ ರೇಡಾರ್ ಕೆಲಸ ಕಲಿತು ಬಂದ ಹೆಡ್ಲಿ ಜೋನ್ಸ್ ಅನ್ನುವವರು 1940ರ ದಶಕದ ಕೊನೆಯಲ್ಲಿ ಕಿಂಗ್‌ಸ್ಟನ್‌ನಲ್ಲಿ ಇಂಥ ಸಿಸ್ಟಮ್‌ಗೆ ಆಂಪ್ಲಿಫೈಯರ್ ಕಟ್ಟಿಕೊಟ್ಟರು. ಆಮೇಲೆ ಬಂದ ಕಿಂಗ್ ಟಬ್ಬಿ ರೇಡಿಯೋ ರಿಪೇರಿಯವನು. ರೆಕಾರ್ಡ್ ಆದ ಹಾಡನ್ನೇ ಬಿಚ್ಚಿ, ದನಿ ತೆಗೆದು, ಡ್ರಮ್ಮಿಗೆ ಎಕೋ ಕೊಟ್ಟು, 'ಡಬ್' ಅನ್ನುವ ಹೊಸ ಪ್ರಕಾರವನ್ನೇ ಮಾಡಿಬಿಟ್ಟ. ಮಿಕ್ಸಿಂಗ್ ಬೋರ್ಡನ್ನು ವಾದ್ಯದ ಹಾಗೆ ನುಡಿಸಿದವನು ಅವನು. ನಮ್ಮ ಕಸುಬಿನವರಿಗೆ ಒಂದು ಕುಲದೇವರು ಅಂತಿದ್ದರೆ ಅದು ಅವನೇ.

ಈ ಡಬ್ ಹುಟ್ಟಿದ್ದರ ಹಿಂದೆ ಒಂದು ಮರೆವಿನ ಕತೆ ಇದೆ. 1968ರ ಸುಮಾರು. ಸ್ಪ್ಯಾನಿಶ್ ಟೌನ್ ಅನ್ನುವ ಊರಿನಲ್ಲಿ ಸೌಂಡ್ ಸಿಸ್ಟಮ್ ನಡೆಸುತ್ತಿದ್ದ ರಡಿ ರೆಡ್‌ವುಡ್ ಒಂದು ಜನಪ್ರಿಯ ಹಾಡಿನ ತಟ್ಟೆ ಕೊರೆಸಲು ಟ್ರೆಶರ್ ಐಲ್ ಸ್ಟುಡಿಯೋಗೆ ಹೋದ. ಎಂಜಿನಿಯರ್ ದನಿಯ ಟ್ರ್ಯಾಕ್ ಹಾಕುವುದನ್ನೇ ಮರೆತ. ಬಂದದ್ದು ಬರೀ ವಾದ್ಯದ ತಟ್ಟೆ. ಬೇರೆಯವರಾಗಿದ್ದರೆ ಬಿಸಾಡುತ್ತಿದ್ದರು. ರಡಿ ಆ ರಾತ್ರಿ ಮೊದಲು ದನಿ ಇರುವ ತಟ್ಟೆ ಹಾಕಿ, ಹಿಂದೆಯೇ ದನಿ ಇಲ್ಲದ್ದನ್ನು ಹಾಕಿದ. ಇಡೀ ಜನ ತಾವೇ ಹಾಡತೊಡಗಿದರು. ಮುಂದೆ ಜಮೈಕಾದ ಸಣ್ಣ ತಟ್ಟೆಗಳ ಹಿಂಬದಿಯಲ್ಲಿ 'ವರ್ಶನ್' ಅಂತ ಖಾಲಿ ಹಾಡು ಬರುವುದು ರೂಢಿಯಾಯಿತು. ಯಾರು ಬೇಕಾದರೂ ಅದರ ಮೇಲೆ ಮಾತಾಡಬಹುದು, ಹಾಡಬಹುದು, ಬೈಯಬಹುದು.

ಈಗಿನ ರೀಲ್ಸ್ ನೋಡಿ. ಒಂದೇ ಆಡಿಯೋ ಇಟ್ಟುಕೊಂಡು ಲಕ್ಷ ಜನ ತಮ್ಮ ತಮ್ಮ ಮುಖ, ತಮ್ಮ ತಮ್ಮ ಮಾತು ಸೇರಿಸುತ್ತಾರೆ. ಕಿಂಗ್‌ಸ್ಟನ್ನಿನವರು ಇದಕ್ಕೆ 'ರಿಡಿಮ್' ಅಂತ ಹೆಸರಿಟ್ಟು ಐವತ್ತು ವರ್ಷವಾಯಿತು. ಒಂದು ರಿಡಿಮ್, ಅದರ ಮೇಲೆ ಹತ್ತಾರು ಗಾಯಕರು, ಒಬ್ಬೊಬ್ಬರದೂ ಬೇರೆ ಹಾಡು. ಅದನ್ನು ಅಲ್ಲಿ ಯಾರೂ ಕದ್ದಿದ್ದು ಅನ್ನುವುದಿಲ್ಲ. ನಿನ್ನದು ಇನ್ನೂ ಚೆನ್ನಾಗಿದೆಯಾ, ತೋರಿಸು ಅನ್ನುತ್ತಾರೆ.

ಇಂಥ ರಿಡಿಮ್‌ಗಳಲ್ಲೆಲ್ಲ ನನಗೆ ಇಷ್ಟವಾದ ಕತೆ ಸ್ಲೆಂಗ್ ಟೆಂಗ್‌ನದು. ಜಪಾನಿನಲ್ಲಿ ಒಕುಡಾ ಹಿರೋಕೊ ಅನ್ನುವ ಹುಡುಗಿ ಸಂಗೀತ ಕಾಲೇಜಿನಲ್ಲಿ ಓದುವಾಗ ರೆಗೇ ಹುಚ್ಚು ಹಿಡಿಸಿಕೊಂಡಳು. ಪ್ರಬಂಧ ಬರೆದಿದ್ದೂ ಅದರ ಮೇಲೆಯೇ. 1980ರಲ್ಲಿ ಕ್ಯಾಸಿಯೋ ಕಂಪನಿ ಸೇರಿದಳು. ಎಂಟಿ-40 ಅನ್ನುವ ಸಣ್ಣ ಕೀಬೋರ್ಡಿಗೆ ತಾಳಗಳನ್ನು ತುಂಬಿಸುವ ಕೆಲಸ ಅವಳದಾಯಿತು. ಬಟನ್ ಒತ್ತಿದರೆ ತಾನೇ ನುಡಿಯುವ ತಾಳಗಳು, ಮನೆಯಲ್ಲಿ ಮಕ್ಕಳು ಆಡಿಕೊಳ್ಳುವಂಥವು. 'ರಾಕ್' ಅಂತ ಬರೆದಿದ್ದ ಬಟನ್ನಿಗೆ ಅವಳೊಂದು ಬೇಸ್ ಕಟ್ಟಿದಳು. ಆ ಕೀಬೋರ್ಡ್ ಹೇಗೋ ಕಿಂಗ್‌ಸ್ಟನ್ ತಲುಪಿತು. ನೋಯೆಲ್ ಡೇವಿ, ವೇನ್ ಸ್ಮಿತ್ ಅನ್ನುವ ಹುಡುಗರು ಆ ಬಟನ್ ಒತ್ತಿದರು. ಸೌಂಡ್ ಸಿಸ್ಟಮ್ ನಡೆಸುತ್ತಿದ್ದ ಕಿಂಗ್ ಜ್ಯಾಮಿ ಅದರ ವೇಗ ಇಳಿಸಿ ರೆಕಾರ್ಡ್ ಮಾಡಿದ. 1985ರ ಫೆಬ್ರವರಿಯಲ್ಲಿ ಎರಡು ಸೌಂಡ್ ಸಿಸ್ಟಮ್‌ಗಳ ಜಿದ್ದಿನ ರಾತ್ರಿ ಅದನ್ನು ಹಾಕಿದಾಗ ಎದುರಿನವರ ಹತ್ತಿರ ಉತ್ತರವೇ ಇರಲಿಲ್ಲ. ಬೇಸ್ ಗಿಟಾರೂ ಇಲ್ಲ, ಡ್ರಮ್ಮೂ ಇಲ್ಲ, ಎಲ್ಲ ಯಂತ್ರದ್ದೇ. ಅಲ್ಲಿಂದಾಚೆ ಅದರ ಮೇಲೆ ನೂರಾರು ಹಾಡು ಬಂದವು. ಹಿರಿಯ ವಾದ್ಯಗಾರರು ಮುಖ ಸಿಂಡರಿಸಿದರು. ಹುಡುಗರಿಗೆ ಮಾತ್ರ ಸ್ಟುಡಿಯೋ ಬಾಡಿಗೆ, ಹತ್ತು ಜನರ ವಾದ್ಯವೃಂದ, ಇವೆಲ್ಲ ಇಲ್ಲದೆ ಹಾಡು ಮಾಡಬಹುದು ಅಂತ ಗೊತ್ತಾಯಿತು. ಇವತ್ತು ಬೆಡ್‌ರೂಮಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವ ನನ್ನ ವಿದ್ಯಾರ್ಥಿಗಳಿಗೆ ನಾನು ಈ ಕತೆಯನ್ನು ತಪ್ಪದೆ ಹೇಳುತ್ತೇನೆ.

ಇನ್ನು ಮಿಕ್ಕ ಸಂಸಾರ ಎಷ್ಟು ದೊಡ್ಡದು ಅಂತ ಹೇಳಹೊರಟರೆ ಮುಗಿಯುವುದಿಲ್ಲ. ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ ನ್ಯೂಯಾರ್ಕ್ ಸೇರಿದ ಕ್ಲೈವ್ ಕ್ಯಾಂಬೆಲ್, 1973ರ ಆಗಸ್ಟ್ 11ರಂದು ಬ್ರಾಂಕ್ಸಿನಲ್ಲಿ ತಂಗಿ ಇಟ್ಟುಕೊಂಡ ಪಾರ್ಟಿಗೆ ತಟ್ಟೆ ಹಾಕಿದ. ಆಗ ಅವನಿಗೆ ಹದಿನೆಂಟು. ಹಿಪ್‌ಹಾಪ್‌ನವರು ತಮ್ಮ ಹುಟ್ಟುಹಬ್ಬ ಅಂತ ಆಚರಿಸುವುದು ಆ ದಿನವನ್ನೇ. ಮದುವೆ ರಿಸೆಪ್ಷನ್ನಿನಲ್ಲಿ 'ಡೆಸ್ಪಸೀಟೊ'ಗೆ ಕುಣಿದವರು ಕುಣಿದದ್ದು ಸ್ಪ್ಯಾನಿಶ್ ಭಾಷೆಯ ರೆಗೇಟಾನ್‌ಗೆ. ಅದರ ಬೆನ್ನೆಲುಬಾದ ತಾಳ, ರೆಗೇಯಿಂದ ಹುಟ್ಟಿದ, ಕುಣಿತಕ್ಕೆಂದೇ ಇರುವ ಜಮೈಕಾದ ಡ್ಯಾನ್ಸ್‌ಹಾಲ್‌ನಿಂದ ಹೋದದ್ದು. 1989ರಲ್ಲಿ ತಾವು ಮಾಡಿದ ರಿಡಿಮ್ಮೇ ಅದರ ಮೂಲ ಅಂತ ಜಮೈಕಾದ ಸಂಗೀತಗಾರರ ಜೋಡಿ ಸ್ಟೀಲಿ ಮತ್ತು ಕ್ಲೀವಿ ಕಡೆಯವರು 2021ರಲ್ಲಿ ಅಮೆರಿಕದಲ್ಲಿ ಕೇಸು ಹಾಕಿದರು. ಆ ಕೇಸಿನ ಪಟ್ಟಿಯಲ್ಲಿ ಸಾವಿರಕ್ಕೂ ಹೆಚ್ಚು ಹಾಡುಗಳಿವೆ. ಹಂಚಿಕೊಂಡು ತಿಂದ ಮನೆಯವರೇ ಪಾಲು ಕೇಳುತ್ತಿದ್ದಾರಲ್ಲ ಅಂತ ಒಂದು ಮನಸ್ಸಿಗೆ ಅನ್ನಿಸುತ್ತದೆ. ಊಟ ಮಾಡಿ ಹೋದವರು ಕೋಟ್ಯಧಿಪತಿಗಳಾದಾಗ ಕೇಳದೆ ಇರುವುದಾದರೂ ಹೇಗೆ?

ಹಾಗಾದರೆ ರೆಗೇ ಅಂದ ತಕ್ಷಣ ನಮ್ಮ ಹುಡುಗರ ಕಣ್ಣ ಮುಂದೆ ಬರುವುದೇನು? ಗೋಕರ್ಣದ ಓಂ ಬೀಚಿನ ಶ್ಯಾಕು, ಮೂರು ಬಣ್ಣದ ಟೋಪಿ, ಟೀಶರ್ಟಿನ ಮೇಲೆ ಮಾರ್ಲಿಯ ಮುಖ, ಹೊಗೆ. (ಆ ಹೊಗೆಯ ಹೆಸರು ಜಮೈಕಾಗೆ ಹೋದದ್ದು ನಮ್ಮ ಕಡೆಯಿಂದಲೇ. 1845ರಿಂದ ಕಬ್ಬಿನ ತೋಟದ ಕೂಲಿಗೆ ಹೋದ ಭಾರತೀಯರ ಜೊತೆ 'ಗಾಂಜಾ' ಪದವೂ ಹಡಗು ಹತ್ತಿತು.) ಈ ಚಿತ್ರ ಇಷ್ಟು ಗಟ್ಟಿಯಾಗಿ ಕೂತಿದ್ದರಲ್ಲಿ ಒಂದು ಆಲ್ಬಮ್ಮಿನ ಕೈವಾಡ ಜಾಸ್ತಿ ಅಂತ ನನ್ನ ಅನಿಸಿಕೆ. ಮಾರ್ಲಿ 1981ರಲ್ಲಿ ಮೂವತ್ತಾರನೇ ವಯಸ್ಸಿಗೆ ತೀರಿಕೊಂಡ. 1984ರಲ್ಲಿ ಅವನ ಹಾಡುಗಳನ್ನು ಆರಿಸಿ 'ಲೆಜೆಂಡ್' ತಂದರು. ಸಿಟ್ಟಿನ ಹಾಡುಗಳನ್ನು ಆದಷ್ಟು ಬದಿಗಿಟ್ಟು, ಪ್ರೀತಿ ಶಾಂತಿಯ ಹಾಡುಗಳನ್ನೇ ಮುಂದಿಟ್ಟರು. ವ್ಯಾಪಾರ ಗೆದ್ದಿತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 800ಕ್ಕೂ ಹೆಚ್ಚು ವಾರ ಕೂತಿದೆ. ನಾನೂ ಶುರು ಮಾಡಿದ್ದು ಅದರಿಂದಲೇ, ಸುಳ್ಳು ಹೇಳಲ್ಲ. ಆದರೆ ಬಾಡಿಗೆ ಕಟ್ಟಲಾಗದ, ಪೊಲೀಸರ ಏಟು ತಿಂದ, ಕೆಲಸವಿಲ್ಲದ ಹುಡುಗರ ಸಂಗೀತ ಇದು. ಇಪ್ಪತ್ತು ವರ್ಷದವನ ಕೈಗೆ ಅದರ ರಜಾದಿನದ ಪ್ಯಾಕೇಜ್ ಮಾತ್ರ ಕೊಟ್ಟರೆ ಅವನು 'ಇದು ಅಪ್ಪನ ಕಾಲದ್ದು' ಅಂತ ಪಕ್ಕಕ್ಕಿಡದೆ ಇನ್ನೇನು ಮಾಡುತ್ತಾನೆ? 2018ರಲ್ಲಿ ಯುನೆಸ್ಕೋ ರೆಗೇಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದಾಗಲೂ ನನಗೆ ಖುಷಿಯ ಜೊತೆ ಸಣ್ಣ ಅಳುಕಾಯಿತು. ಗಾಜಿನ ಕಪಾಟಿನಲ್ಲಿಟ್ಟ ವೀಣೆಯನ್ನು ಯಾರು ಮುಟ್ಟುತ್ತಾರೆ?

ಪುಣ್ಯಕ್ಕೆ ಜಮೈಕಾದ ಹುಡುಗರು ಕಪಾಟಿಗೆ ಕಾಯುತ್ತಿಲ್ಲ. 2010ರ ನಂತರ ಕ್ರಾನಿಕ್ಸ್, ಪ್ರೊಟೊಜೆ ಥರದವರು ಹಳೆಯ ಬೇಸನ್ನು ಹಿಪ್‌ಹಾಪ್ ಕೇಳಿ ಬೆಳೆದ ಕಿವಿಯಿಂದ ಮತ್ತೆ ಎತ್ತಿಕೊಂಡರು. ಕಿಂಗ್‌ಸ್ಟನ್ನಿನ ಮೇಲಿನ ಗುಡ್ಡದಲ್ಲಿ ಭಾನುವಾರ ರಾತ್ರಿ ನಡೆಯುವ ಡಬ್ ಕ್ಲಬ್ ಅವರ ಜಗಲಿಕಟ್ಟೆ. ಅವರ ಹಿಂದೆ ಬಂದವಳು ಕಾಫಿ. ಹುಟ್ಟಿದ್ದು 2000ದಲ್ಲಿ, ಅದೇ ಸ್ಪ್ಯಾನಿಶ್ ಟೌನಿನಲ್ಲಿ. ಬಿಸಿಲಲ್ಲಿ ಗೆಳೆಯರೆಲ್ಲ ಸೋಡಾ ಕುಡಿಯುವಾಗ ಇವಳೊಬ್ಬಳು ಕಾಫಿ ಕೇಳಿದಳಂತೆ, ಹೆಸರು ಅಂಟಿಕೊಂಡಿತು. ನಮ್ಮ ಚಿಕ್ಕಮಗಳೂರಿನವರು ಖುಷಿಪಡಬೇಕು. ಓಟಗಾರ ಉಸೇನ್ ಬೋಲ್ಟ್ ಬಗ್ಗೆ ಗಿಟಾರ್ ಹಿಡಿದು ಹಾಡಿದ ಹಾಡನ್ನು ಬೋಲ್ಟೇ ಹಂಚಿಕೊಂಡು ಅವಳು ಊರಿಗೆಲ್ಲ ಗೊತ್ತಾದಳು. 2020ರ ಜನವರಿಯಲ್ಲಿ ಹತ್ತೊಂಬತ್ತನೇ ವಯಸ್ಸಿಗೆ ರೆಗೇಗೆ ಗ್ರ್ಯಾಮಿ ಪಡೆದಳು. ಆ ವಿಭಾಗದಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಯಾರಿಗೂ ಬಂದಿರಲಿಲ್ಲ. ಒಬ್ಬಳೇ ಹಾಡುವ ಹೆಣ್ಣುಮಗಳಿಗೆ ಬಂದದ್ದೂ ಅದೇ ಮೊದಲು.

ಅಂದಹಾಗೆ, ಹುಡುಗರ ಕೈಗೆ ಸಂಗೀತ ಕೊಡುವುದು ಹೇಗೆ ಅಂತ ಕಿಂಗ್‌ಸ್ಟನ್ನಿನ ಸನ್ಯಾಸಿನಿಯೊಬ್ಬರು ಎಂದೋ ತೋರಿಸಿಕೊಟ್ಟಿದ್ದರು. ಬಡ, ಪುಂಡ ಹುಡುಗರಿಗಾಗಿ ಇದ್ದ ಆಲ್ಫಾ ಶಾಲೆಯ ಸಿಸ್ಟರ್ ಇಗ್ನೇಶಿಯಸ್ ಶಾಲೆಗೇ ಒಂದು ಸೌಂಡ್ ಸಿಸ್ಟಮ್ ಕೊಂಡು, ಬಿಳಿ ನಿಲುವಂಗಿಯಲ್ಲೇ ಮಕ್ಕಳಿಗೆ ತಟ್ಟೆ ಹಾಕಿ ಕೇಳಿಸುತ್ತಿದ್ದರು. ರೆಗೇಗೆ ದಾರಿ ಮಾಡಿಕೊಟ್ಟ ಸ್ಕೆಟಲೈಟ್ಸ್ ತಂಡದ ಎಷ್ಟೋ ವಾದ್ಯಗಾರರು ಆ ಶಾಲೆಯ ಹುಡುಗರು. ಕೇಳಿಸಿದರು, ಆಮೇಲೆ ಕಲಿಸಿದರು. ನಾವು ಇದನ್ನು ತಿರುಗಾಮುರುಗಾ ಮಾಡುತ್ತೇವೆ.

ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಊರ ಹೊರಗಿನ ಕಾಲೇಜೊಂದರ ಫೆಸ್ಟಿಗೆ ನಾನು ಬೋರ್ಡಿನ ಮುಂದೆ ಕೂತಿದ್ದೆ. ಮಧ್ಯಾಹ್ನ ಸೌಂಡ್ ಚೆಕ್ಕಿನಲ್ಲಿ ಹಳೆಯ ಡಬ್ ಒಂದನ್ನು ಹಾಕಿದೆ. ಸಬ್‌ಗಳು (ಬರೀ ಬೇಸಿಗೆ ಅಂತ ಇರುವ ದೊಡ್ಡ ಸ್ಪೀಕರುಗಳು) ಸರಿಯಿವೆಯಾ ನೋಡಲು ನನಗೆ ಅದಕ್ಕಿಂತ ಒಳ್ಳೆಯ ತಕ್ಕಡಿ ಇಲ್ಲ. ಶಾಮಿಯಾನ ಕಟ್ಟುತ್ತಿದ್ದ ಹುಡುಗ ಹಗ್ಗ ಬಿಟ್ಟು ಬಂದು ಸಬ್ಬಿನ ಮುಂದೆ ನಿಂತ. ಅಂಗಿ ಗಾಳಿಗೆ ಅಲುಗುವ ಹಾಗೆ ಅಲುಗುತ್ತಿತ್ತು. ಎದೆ ಮೇಲೆ ಕೈ ಇಟ್ಟುಕೊಂಡು, "ಅಣ್ಣಾ, ಇದು ಒಳಗೇ ಬಡೀತದೆ" ಅಂದ. ಗಣೇಶನ ಮೆರವಣಿಗೆಯ ಡಿಜೆ ಲಾರಿ ಹಿಂದೆ ಕುಣಿದವರಿಗೆ ಇದು ಹೊಸದೇನಲ್ಲ. ಆದರೆ ಅಲ್ಲಿ ಪೆಟ್ಟು ಬಿಡುವಿಲ್ಲದೆ ಬೀಳುತ್ತದೆ. ಇಲ್ಲಿ ಪೆಟ್ಟು ಪೆಟ್ಟಿನ ನಡುವೆ ಉಸಿರಾಡಲು ಜಾಗ ಇರುತ್ತದೆ.

ಸಂಜೆ ಒಂದು ಹುಡುಗರ ತಂಡ ರೆಗೇ ಎತ್ತಿಕೊಂಡಿತು. ಚೆನ್ನಾಗಿಯೇ ನುಡಿಸುತ್ತಿದ್ದರು. ಎರಡನೇ ಹಾಡಿಗೆ ವ್ಯವಸ್ಥಾಪಕರೊಬ್ಬರು ಓಡಿಬಂದು, ಆಫೀಸಿನ ಗಾಜು ನಡುಗುತ್ತಿದೆ, ಬೇಸ್ ಇಳಿಸಿ ಅಂದರು. ರಾತ್ರಿ ಹತ್ತಕ್ಕೆ ಮೈಕು ನಿಲ್ಲಬೇಕು, ಅದು ಕಾನೂನು, ಸರಿ. ಆಗಿನ್ನೂ ಏಳೂವರೆ. ವಾದ ಮಾಡಬಹುದಿತ್ತು. ಮಾಡಲಿಲ್ಲ, ಸಬ್ಬಿನ ಫೇಡರ್ ಕೆಳಗೆ ಎಳೆದೆ. ಮುಂದಿನ ಸಾಲಿನಲ್ಲಿ ತೂಗುತ್ತಿದ್ದವರು ಅರ್ಧ ನಿಮಿಷದಲ್ಲಿ ಫೋನ್ ತೆಗೆದರು. ವೇದಿಕೆಯ ಹುಡುಗರಿಗೆ ತಮ್ಮದೇನು ತಪ್ಪಾಯಿತು ಅಂತ ತಿಳಿಯಲೇ ಇಲ್ಲ. ಮುಂದಿನ ಹಾಡಿಗೆ ಅವರು ಸಿನಿಮಾ ಹಾಡು ಎತ್ತಿಕೊಂಡರು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ದೆಹಲಿಯ ಕೆಲವರು ಈ ಗೋಳೇ ಬೇಡ ಅಂತ ಪೆಟ್ಟಿಗೆಗಳನ್ನೇ ಕಟ್ಟಿಕೊಂಡರು. 2009ರಲ್ಲಿ ಶುರುವಾದ ರೆಗೇ ರಾಜಾಸ್ ತಂಡದವರು 2016ರಿಂದ ಗೋವಾದಲ್ಲಿ ಸನ್‌ಸ್ಪ್ಲ್ಯಾಶ್ ಅನ್ನುವ ಹಬ್ಬ ಮಾಡಿದರು. ಡೆಲ್ಲಿ ಸುಲ್ತನತ್ ಅನ್ನುವ ಹೆಸರಿನಲ್ಲಿ ಹಾಡುವ ತರು ದಾಲ್ಮಿಯಾ ಮತ್ತು ಗೆಳೆಯರು ಜಮೈಕಾ ಮಾದರಿಯ ಸೌಂಡ್ ಸಿಸ್ಟಮ್ ಒಂದನ್ನು ಕಟ್ಟಿಸಿದರು. ಬೆಂಗಳೂರಿನ ಪಬ್ಬುಗಳಲ್ಲಿ ಆಗೀಗ ಒಂದು ರೆಗೇ ರಾತ್ರಿ ನಡೆಯುತ್ತದೆ. ಅಲ್ಲಿನ ಬಿಲ್ಲು ನನ್ನ ವಿದ್ಯಾರ್ಥಿಗಳಿಗೆ ಕೈಗೆಟಕುವಂಥದ್ದಲ್ಲ.

ಅದಕ್ಕೇ ಆ ಶನಿವಾರ ನಾನು ಹುಡುಗನ ಹಾಡನ್ನು ತಿದ್ದಲು ಹೋಗಲಿಲ್ಲ. ಫೈಲನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಸಂಜೆ ನನ್ನ ಗೋಡೌನಿಗೆ ಕರೆದುಕೊಂಡು ಹೋದೆ. ಎರಡು ಹದಿನೆಂಟು ಇಂಚಿನ ಸಬ್ ಹೊರಗೆಳೆದು, ಅವನ ಹಾಡನ್ನೇ ಹಾಕಿದೆ. ಅವನು ಬರೆದಿದ್ದ ಬೇಸ್ ನಿಜಕ್ಕೂ ಇತ್ತು. ಸ್ವಲ್ಪ ಜಾಸ್ತಿಯೇ ಇತ್ತು, ಪ್ರತಿ ಮೊದಲ ಎಣಿಕೆಗೂ ಕಿಕ್ ಜೊತೆ ದಬಕ್ ಅಂತ ಬೀಳುತ್ತಿತ್ತು. ಮೂರನೇ ಸಲ ಕೇಳುವಾಗ ಅವನೇ ಲ್ಯಾಪ್‌ಟಾಪ್ ತೆಗೆದು ಮೊದಲನೇ ಕಿಕ್ಕನ್ನು ಅಳಿಸಿದ. ಆಮೇಲೆ ತನ್ನ ದನಿಯನ್ನೂ ಆಫ್ ಮಾಡಿ, ಕಣ್ಣು ಮುಚ್ಚಿಕೊಂಡು ಹತ್ತು ನಿಮಿಷ ಸುಮ್ನೆ ನಿಂತಿದ್ದ.

ಮಂಗಳವಾರ ರಾತ್ರಿ ಅವನಿಂದ ಮೆಸೇಜು ಬಂತು. "ಸಾರ್, ಆ ಬಾಕ್ಸಿನ ಅಳತೆ ಕಳಿಸ್ತೀರಾ? ನಮ್ಮ ಮಾವ ಕಾರ್ಪೆಂಟರು. ಪ್ಲೈ ಎಷ್ಟು ದಪ್ಪದ್ದು ಬೇಕು?"

ಹದಿನೆಂಟು ಎಂಎಂಗಿಂತ ತೆಳ್ಳಗಿನದು ಬೇಡ, ಮೂಲೆಗಳಿಗೆ ಒಳಗಿನಿಂದ ಪಟ್ಟಿ ಕೊಡಿಸು ಅಂತ ಬರೆದು, ಅಳತೆಯ ಚೀಟಿಯ ಫೋಟೋ ಕಳಿಸಿದ್ದೇನೆ.